ಶೆನ್ಯಾಂಗ್‌ನ ಅಗ್ಗದ ಜಿಯಾವ್‌ಜ ಅಂಗಡಿ: ಆರ್ಡರ್ ಮಾಡೋದು ಹೇಗೆ? ಒಬ್ಬರು ಸಸ್ಯಾಹಾರಿ, ಇನ್ನೊಬ್ಬರಿಗೆ ಹಂದಿ-ದನ ಬೇಡ

ತುಂಗಾತೀರ

ಮುಂದಿನ ತಿಂಗಳು ಕೆಲಸದ ಮೇಲೆ ಇಬ್ಬರು ಹನ್ನೆರಡು ದಿನ ಈಶಾನ್ಯ ಚೀನಾದ ಶೆನ್ಯಾಂಗ್‌ನಲ್ಲಿ ಇರಬೇಕು. ಮಾಲ್‌ಗಳ ದೊಡ್ಡ ಹೋಟೆಲ್ ಬೇಡ. ಗಲ್ಲಿಗಳಲ್ಲಿ ಆರೇಳು ಮೇಜು ಹಾಕಿಕೊಂಡಿರುವ ಜಿಯಾವ್‌ಜ, ಅಂದರೆ ಹೂರಣ ತುಂಬಿದ ಕಡುಬಿನ (ಡಂಪ್ಲಿಂಗ್) ಅಂಗಡಿಗಳು ಅಗ್ಗ, ಹೊಟ್ಟೆಯೂ ತುಂಬುತ್ತೆ ಅಂತ ಕೇಳಿದ್ದೇನೆ. ಗೊತ್ತಿರುವವರು ಇಷ್ಟು ಹೇಳಿ:

ಮೆನುವಿನಲ್ಲಿ ತಟ್ಟೆ ಲೆಕ್ಕ ಇರುತ್ತೋ, ತೂಕದ ಲೆಕ್ಕವೋ? ಒಬ್ಬರಿಗೆ ಎಷ್ಟು ಸಾಕು? ನಮ್ಮಲ್ಲಿ ಒಬ್ಬರು ಸಸ್ಯಾಹಾರಿ, ಮೊಟ್ಟೆ ನಡೆಯುತ್ತೆ. ಇನ್ನೊಬ್ಬರು ಕುರಿ, ಕೋಳಿ ತಿಂತಾರೆ. ಹಂದಿ, ದನ ಬೇಡ. ಇಬ್ಬರೂ ಒಂದೇ ಅಂಗಡಿಗೆ ಹೋಗಬಹುದಾ? ಫ್ರೀಜರ್ ಮಾಲು ಯಾವುದು, ಅಲ್ಲೇ ಮಾಡಿದ್ದು ಯಾವುದು ಅಂತ ಗುರುತಿಸೋದು ಹೇಗೆ? ಚೀನೀ ಭಾಷೆ ಇಬ್ಬರಿಗೂ ಬರಲ್ಲ.

ಕಣಕ-ಹೂರಣ

ಮೊದಲು ಲೆಕ್ಕದ ವಿಚಾರ, ಯಾಕೆಂದರೆ ಎಲ್ಲರೂ ಎಡವೋದು ಅಲ್ಲೇ.

ಉತ್ತರ ಚೀನಾದ ಹಳೇ ಪದ್ಧತಿಯಲ್ಲಿ ಜಿಯಾವ್‌ಜ ಮಾರುವುದು ಲಿಯಾಂಗ್ ಲೆಕ್ಕದಲ್ಲಿ. ಒಂದು ಲಿಯಾಂಗ್ ಅಂದರೆ 50 ಗ್ರಾಂ. ಹತ್ತು ಲಿಯಾಂಗ್ ಸೇರಿದರೆ ಒಂದು ಜಿನ್, ಅಂದರೆ ಅರ್ಧ ಕಿಲೋ. ಆದರೆ ಈ 50 ಗ್ರಾಂ ತಟ್ಟೆಗೆ ಬಂದ ಜಿಯಾವ್‌ಜದ ತೂಕ ಅಲ್ಲ, ಅದಕ್ಕೆ ಹೋದ ಹಿಟ್ಟಿನ ತೂಕ. ಧಾನ್ಯಕ್ಕೆ ಪಡಿತರ ಚೀಟಿ ಕೊಡಬೇಕಿದ್ದ ಕಾಲದಿಂದ ಬಂದ ರೂಢಿ ಇದು: ಚೀಟಿ ಹಿಟ್ಟಿಗೆ ಮಾತ್ರ, ಹೂರಣಕ್ಕಲ್ಲ. 1993ರ ಹೊತ್ತಿಗೆ ಚೀಟಿ ಹೋಯಿತು, ಲೆಕ್ಕ ಮಾತ್ರ ಉಳಿಯಿತು.

50 ಗ್ರಾಂ ಹಿಟ್ಟಿಗೆ ಸುಮಾರು 25 ಗ್ರಾಂ ನೀರು ಸೇರಿ 75 ಗ್ರಾಂ ಕಣಕ. ಅದರಲ್ಲಿ ಆರು ಹಾಳೆ, ಒಂದೊಂದು ಹನ್ನೆರಡು ಗ್ರಾಂ ಚಿಲ್ಲರೆ. ಒಳಗೆ ಹೆಚ್ಚುಕಮ್ಮಿ ಅಷ್ಟೇ ಹೂರಣ. ಹಾಗಾಗಿ ಒಂದು ಲಿಯಾಂಗ್ ಅಂದರೆ ಆರು ಜಿಯಾವ್‌ಜ. ಮೂರು ಲಿಯಾಂಗ್ ತಗೊಂಡರೆ ಹದಿನೆಂಟು, ನಾಲ್ಕೈದು ಚಪಾತಿಯಷ್ಟು ಹಿಟ್ಟು. ಹಸಿದ ಗಂಡಸಿಗೆ ಇದು ಪೂರ್ತಿ ಊಟ. ಪಕ್ಕಕ್ಕೆ ಒಂದು ತಣ್ಣನೆ ತಿನಿಸು ತಗೊಳ್ಳೋದಾದರೆ ಎರಡು ಲಿಯಾಂಗ್ ಸಾಕು. ಗೊತ್ತಿಲ್ಲದೆ "ಯೀ ಜಿನ್" ಅಂದುಬಿಟ್ಟರೆ ಅರವತ್ತು ಬಂದು ಕೂರುತ್ತವೆ, ನೆನಪಿರಲಿ.

ಎರಡು ಲಿಯಾಂಗ್‌ಗೆ "ಆರ್ ಲಿಯಾಂಗ್" ಅನ್ನಬೇಕು, ಮೂರಕ್ಕೆ "ಸಾನ್ ಲಿಯಾಂಗ್". ಬೆರಳು ತೋರಿಸುವುದಾದರೆ ಹುಷಾರು. ನಾವು ಎರಡು ಅನ್ನೋಕೆ ಕೆಲವು ಸಲ ಹೆಬ್ಬೆರಳು, ತೋರುಬೆರಳು ಎತ್ತುತ್ತೇವೆ; ಅಲ್ಲಿ ಅದು ಎಂಟು. ಹೆಬ್ಬೆರಳು, ಕಿರುಬೆರಳು ಚಾಚಿದರೆ ಆರು. ತೋರುಬೆರಳು, ಮಧ್ಯದ ಬೆರಳು ಎತ್ತಿ ತೋರಿಸಿದರೆ ಮಾತ್ರ ಎರಡು.

ಈಗ ಬಹಳ ಅಂಗಡಿಗಳು ತಟ್ಟೆ ಲೆಕ್ಕಕ್ಕೆ ಬಂದಿವೆ. ಒಂದು ತಟ್ಟೆಗೆ ಹದಿನೈದು, ಹದಿನೆಂಟು, ಇಪ್ಪತ್ತು, ಹೀಗೆ ಅಂಗಡಿಗೊಂದು. ಬೆಲೆ ಹೂರಣದ ಮೇಲೆ ಹೋಗುತ್ತೆ: ಮೊಟ್ಟೆ, ತರಕಾರಿಯದು ಕೆಳಗೆ, ಹಂದಿಯದು ನಡುವೆ, ಕುರಿ, ಸೀಗಡಿಯದು ಮೇಲೆ. ಗಲ್ಲಿ ಅಂಗಡಿಯಲ್ಲಿ ತಟ್ಟೆಗೆ ಸಾಮಾನ್ಯವಾಗಿ 15ರಿಂದ 30 ಯುವಾನ್ ಒಳಗೆ ಮುಗಿಯುತ್ತೆ. ಯುವಾನ್‌ಗೆ ಹನ್ನೆರಡು-ಹದಿಮೂರು ರೂಪಾಯಿ ಹಿಡಿದುಕೊಳ್ಳಿ.

ಹೆಸರು ಓದೋದು ಸುಲಭ: ಬಹಳ ಕಡೆ ಮೊದಲು ಮಾಂಸ, ಆಮೇಲೆ ತರಕಾರಿ. "ಜೂರೌ ಬಾಯ್‌ತ್ಸಾಯ್" ಹಂದಿ ಮತ್ತು ಎಲೆಕೋಸು, "ಯಾಂಗ್‌ರೌ ಹೂಲೋಬೋ" ಕುರಿ ಮತ್ತು ಗಜ್ಜರಿ. ಈಶಾನ್ಯದ ಖಾಸಾ ರುಚಿ "ಸ್ವಾನ್‌ತ್ಸಾಯ್", ಮಣ್ಣಿನ ಜಾಡಿಯಲ್ಲಿ ಹುಳಿ ಬರಿಸಿದ ಎಲೆಕೋಸು. ಅದು ಹೆಚ್ಚಾಗಿ ಹಂದಿಯ ಜೊತೆಗೇ ಬರುವುದು. ಶ್ವೇಜಿಯಾವ್ ಅಂದರೆ ನೀರಲ್ಲಿ ಬೇಯಿಸಿದ್ದು, ಜಂಗ್‌ಜಿಯಾವ್ ಹಬೆಯಲ್ಲಿ, ಗ್ವೋತ್ಯೆ ಅಂದರೆ ಬಾಣಲೆಗೆ ಅಂಟಿಸಿ ತಳ ಕೆಂಪಗೆ ಮಾಡಿದ್ದು. ಬರೀ "ಜಿಯಾವ್‌ಜ" ಅಂದರೆ ಉತ್ತರದಲ್ಲಿ ನೀರಲ್ಲಿ ಬೇಯಿಸಿದ್ದೇ ಬರುತ್ತೆ.

ಸಸ್ಯಾಹಾರಿಗೆ "ಸೂ ಸಾನ್ ಶಿಯೆನ್" ಅಂತ ಇರುತ್ತೆ, ಅದನ್ನು ತಗೊಳ್ಳಿ.

ಗಿರಮಿಟ್

ಮ್ಯಾಲಿನವರು ಲೆಕ್ಕಾ ಚೊಲೋ ಹೇಳ್ಯಾರ, ಆದ್ರ ಕಡೀ ಸಾಲು ಮಾತ್ರ ನಂಬಬ್ಯಾಡ್ರಿ. ಸೂ ಸಾನ್ ಶಿಯೆನ್ ಅಂದ್ರ "ಸಸ್ಯದ ಮೂರು ರುಚಿ" ಅಂತ ಅರ್ಥ ಖರೇ, ಆದ್ರ ಅದರಾಗ ಭಾಳ ಕಡೆ ಒಣ ಶೀಗಡಿ ಬೀಳತೈತಿ. ಮೊಟ್ಟಿ, ಜಿಯೂತ್ಸಾಯ್ ಅನ್ನೋ ಬಳ್ಳೊಳ್ಳಿ ವಾಸನಿಯ ಚಪ್ಪಟೆ ತಪ್ಪಲಾ, ಆಮ್ಯಾಲೆ ಶಿಯಾಪೀ. ಶಿಯಾಪೀ ಅಂದ್ರ ಕಾಗದದಂಗ ತೆಳ್ಳಗಿನ, ಉಗುರಿನಷ್ಟ ಸಣ್ಣ ಒಣ ಶೀಗಡಿ. ಅಲ್ಲೆ ಅದನ್ನ ಯಾರೂ ಮಾಂಸ ಅಂತ ಎಣಸೂದಿಲ್ಲ, ಉಪ್ಪಿನ ಜೋಡಿ ಹಾಕೂ ಮಸಾಲಿ ಅಂತ ಎಣಸ್ತಾರ. ಅದಕ್ಕ "ಮಾಂಸ ಐತೇನ್ರಿ" ಅಂತ ಕೇಳಿದ್ರ "ಇಲ್ಲ" ಅಂತಾರ. ಅವರು ಸುಳ್ಳು ಹೇಳಾಕತ್ತಿಲ್ಲ, ನಿಮ್ಮ ಪ್ರಶ್ನಿನೇ ತಪ್ಪು. "ಯೋ ಮೇಯೋ ಶಿಯಾಪೀ" ಅಂತ ಕೇಳ್ರಿ, ಒಣ ಶೀಗಡಿ ಐತೋ ಇಲ್ಲೋ ಅಂತ.

ಬರೀ "ಸಾನ್ ಶಿಯೆನ್" ಅಂತಿದ್ರ ಮುಟ್ಟಲೇಬ್ಯಾಡ್ರಿ, ಅದರಾಗ ಹಂದಿ, ಶೀಗಡಿ ಎರಡೂ ಇರತಾವ. ಮುಂದ "ಸೂ" ಇದ್ರ ಮಾತ್ರ ವಿಚಾರ ಮಾಡ್ರಿ.

ಇದ್ದುದರಾಗ ಕಡಿಮಿ ಅಪಾಯದ್ದು ಯಾವುದಂದ್ರ "ಶೀಹೋಂಗ್‌ಶಿ ಜೀದಾನ್", ಟೊಮ್ಯಾಟೊ ಮೊಟ್ಟಿ. ಹುಳಿ, ರಸ ಭಾಳ, ನಮ್ಮ ನಾಲಿಗಿಗೆ ಲಗೂನ ಹೊಂದತೈತಿ. ಎರಡನೇದ್ದು "ಶೀಹೂಲು ಜೀದಾನ್", ಸೌತಿಕಾಯಿ-ಕುಂಬಳ ಜಾತಿಯ ಎಳೇ ಕಾಯಿ ತುರದು ಹಿಂಡಿ ಮೊಟ್ಟಿ ಕೂಡಿಸಿದ್ದು. ಇದರಾಗೂ ಒಮ್ಮೊಮ್ಮೆ ಶಿಯಾಪೀ ಹಾಕ್ತಾರ, ಕೇಳ್ರಿ. "ಜಿಯೂತ್ಸಾಯ್ ಜೀದಾನ್" ಎಲ್ಲಾ ಕಡೆ ಸಿಗತೈತಿ, ಶೀಗಡಿ ಇರೂ ಸಂಭವ ಅದರಾಗ ಎಲ್ಲಾದಕ್ಕಿಂತ ಹೆಚ್ಚು.

"ಶಿಯಾಪೀ ಬ್ಯಾಡ" ಅಂದ್ರ ತೆಗದ ಕೊಡ್ತಾರೇನು? ಕೊಡೂದಿಲ್ಲ. ಹೂರಣ ಮುಂಜಾನೆನ ಬುಟ್ಟಿಗಟ್ಟಲೆ ಕಲಿಸಿ ಇಟ್ಟಿರತಾರ. ಬಿಸಿಬ್ಯಾಳಿಬಾತ್ ಹಂಡೆದಾಗಿಂದ ಉಳ್ಳಾಗಡ್ಡಿ ತೆಗೀರಿ ಅಂದಂಗ ಆಗತೈತಿ. ಐತಿ ಅಂದ್ರ ಬ್ಯಾರೆ ಹೂರಣ ಹಿಡೀರಿ, ವಾದ ಮಾಡಬ್ಯಾಡ್ರಿ.

ಇನ್ನ ಎರಡು ಮಾತು ನೇರ ಹೇಳ್ತೀನಿ. ಒಂದು, ಬೇಯಿಸೂ ನೀರು ಒಂದ. ಹಂದೀದೂ ಮೊಟ್ಟೀದೂ ಅದ ಹಂಡೆದಾಗ, ಅದ ಜಾಲರಿ ಸೌಟಿನಾಗ. ಎರಡು, ತರಕಾರಿ ಹೂರಣಕ್ಕ ಕೆಲವು ಅಂಗಡಿಯೊಳಗ ಹಂದಿ ಕೊಬ್ಬು ಹಾಕ್ತಾರ, ರುಚಿಗೆ. ಇದನ್ನೂ ಕೇಳಬೇಕು: "ಜೂ ಯೋ" ಅಂದ್ರ ಹಂದಿ ಎಣ್ಣಿ. ಪಾತ್ರಿ ಬ್ಯಾರೆನ ಇರಬೇಕು ಅನ್ನೂ ಮಡಿ ಇದ್ರ ಈ ಅಂಗಡಿ ನಿಮಗಲ್ಲ. ಬೌದ್ಧರ ಸಸ್ಯಾಹಾರಿ ಖಾನಾವಳಿ ಹುಡಕ್ರಿ, "ಚ್ವಾನ್ ಸೂ" ಅಂದ್ರ ಪೂರ್ತಿ ಸಸ್ಯ. ಅಲ್ಲೆ ಮೊಟ್ಟಿ, ಬಳ್ಳೊಳ್ಳಿ, ಉಳ್ಳಾಗಡ್ಡಿ, ಜಿಯೂತ್ಸಾಯ್ ಯಾವುದೂ ಇರೂದಿಲ್ಲ, ನಮ್ಮ ಕಡೆ ವೈಷ್ಣವರ ಅಡಿಗಿ ಇದ್ದಂಗ.

ಅಕ್ಷರ ಒಂದ ನೆನಪ ಇಟಗೋರಿ, ಮಾಂಸದ ಅಕ್ಷರ "ರೌ". ಬಾಗಲ ಚೌಕಟ್ಟು, ಅದರೊಳಗ ಒಂದರ ಮ್ಯಾಲೊಂದು ಎರಡು ಚಪ್ಪರದ ಗುರುತು. ಗ್ವಾಡಿ ಮ್ಯಾಲಿನ ಮೆನುದಾಗ ಆ ಚೌಕಟ್ಟು ಕಂಡ್ರ ಆ ಸಾಲು ಬಿಟ್ಟುಬಿಡ್ರಿ. ಆದ್ರ ಚೌಕಟ್ಟು ಇಲ್ಲಂದ್ರ ಮಾಂಸ ಇಲ್ಲ ಅಂತ ತಿಳಕೋಬ್ಯಾಡ್ರಿ, ಸಾನ್ ಶಿಯೆನ್‌ದಾಗ ಆ ಅಕ್ಷರನ ಇಲ್ಲ.

ತುಂಗಾತೀರ

ಶಿಯಾಪೀ ವಿಷಯ ಗೊತ್ತೇ ಇರಲಿಲ್ಲ, ಧನ್ಯವಾದ. ಪಾತ್ರೆ ಒಂದೇ ಆದರೂ ಪರವಾಗಿಲ್ಲ, ಒಳಗೆ ಇರಬಾರದು ಅಷ್ಟೇ. ಹಂದಿ-ದನ ಬೇಡದವರ ಬಗ್ಗೆ ಯಾರಾದರೂ ಹೇಳಿ. ಮತ್ತೆ ಫ್ರೀಜರ್ ಮಾಲಿನ ಪ್ರಶ್ನೆ ಹಾಗೇ ಉಳಿಯಿತು.

ಮಂಜುಹನಿ

ಹಂದಿ ಬೇಡದವರಿಗೆ "ಚಿಂಗ್‌ಜನ್", ಅಂದರೆ ಹಲಾಲ್ ಅಂಗಡಿ. ಹ್ವೇ ಮುಸ್ಲಿಮರು ನಡೆಸುವವು. ಬಾಗಿಲ ಮೇಲೆ ಹಸಿರು ಇಲ್ಲವೇ ನೀಲಿ ಫಲಕ, ಮೊದಲು ಬಹಳ ಕಡೆ ಅರಬ್ಬಿ ಅಕ್ಷರವೂ ಇರುತ್ತಿತ್ತು, ಈಗ ಎಷ್ಟೋ ಕಡೆ ತೆಗೆಸಿದ್ದಾರೆ. ಅಲ್ಲಿ ಹಂದಿ ಮಾಂಸ, ಹಂದಿ ಕೊಬ್ಬು ಎರಡೂ ಒಳಗೆ ಬರುವ ಹಾಗಿಲ್ಲ, ಹಾಗಾಗಿ ಗಿರಮಿಟ್ ಹೇಳಿದ ಎಣ್ಣೆಯ ಅನುಮಾನವೂ ಹೋಯಿತು. ಮೊಟ್ಟೆ ಹೂರಣದವೂ ಸಾಮಾನ್ಯವಾಗಿ ಇರುತ್ತವೆ. ನಿಮ್ಮಿಬ್ಬರಿಗೂ ಒಂದೇ ಅಂಗಡಿ ಬೇಕಾದರೆ ಇದೇ ಸರಿ. ದನದ ಮಾಂಸ ಮಾತ್ರ ಧಾರಾಳ, "ನಿಯೂರೌ" ಅಂತ ಬರೆದದ್ದನ್ನು ಬಿಟ್ಟು "ಯಾಂಗ್‌ರೌ" ಹಿಡಿಯಿರಿ. ಶೆನ್ಯಾಂಗ್‌ನಲ್ಲಿ ಶೀಗ್ವಾನ್ ಕಡೆ ಹ್ವೇ ಜನರ ತಿಂಡಿ ಬೀದಿಯೇ ಇದೆ. ಇಂಥ ಬಹಳ ಅಂಗಡಿಗಳಲ್ಲಿ ಬಿಯರ್ ಇರಲ್ಲ, ಹೊರಗಿನಿಂದ ತಂದು ಕುಡಿಯಬೇಡಿ. ಕೋಳಿ ಹೂರಣ ಹುಡುಕುತ್ತಾ ಹೋಗಬೇಡಿ, ಜಿಯಾವ್‌ಜದಲ್ಲಿ ಅದು ಅಪರೂಪ.

ಈಗ ಫ್ರೀಜರ್. ಕೈಯಲ್ಲಿ ಲಟ್ಟಿಸಿದ ಹಾಳೆ ನಡುವೆ ದಪ್ಪ, ಅಂಚಿಗೆ ತೆಳು. ಎಡಗೈಯಲ್ಲಿ ಹಾಳೆ ತಿರುಗಿಸುತ್ತಾ ಬಲಗೈಯ ಗಿಡ್ಡ ಲಟ್ಟಣಿಗೆಯನ್ನು ಅಂಚಿನಿಂದ ನಡುವಿನ ತನಕ ಮಾತ್ರ ಓಡಿಸುತ್ತಾರೆ, ಅದಕ್ಕೇ ಹಾಗೆ. ಕಾರಣವೂ ಇದೆ: ಮಡಚಿ ಒತ್ತಿದಾಗ ಅಂಚು ಎರಡು ಪದರ ಆಗುತ್ತೆ. ಹಾಳೆ ಎಲ್ಲ ಕಡೆ ಒಂದೇ ದಪ್ಪ ಇದ್ದರೆ ಹೊಟ್ಟೆ ಬೆಂದರೂ ಅಂಚು ಹಿಟ್ಟುಹಿಟ್ಟಾಗಿ ಉಳಿಯುತ್ತೆ. ಹಾಗಾಗಿ ಮೊದಲ ತುತ್ತನ್ನು ಅಂಚಿನ ಕಡೆಯಿಂದ ಕಚ್ಚಿ. ಹಲ್ಲಿಗೆ ಗಟ್ಟಿ ಪಟ್ಟಿ ಸಿಕ್ಕಿದರೆ ಯಂತ್ರದ ಹಾಳೆ. ಎಲ್ಲದರ ಮಡಿಕೆಯೂ ಅಚ್ಚು ಹೊಡೆದಂತೆ ಒಂದೇ ಥರ ಇದ್ದರೂ ಅಷ್ಟೇ.

ಫ್ರೀಜರ್‌ನಲ್ಲಿ ಬಹಳ ದಿನ ಇದ್ದದ್ದರ ಹಾಳೆ ಒಣಗಿ ಸೀಳು ಬಿಟ್ಟಿರುತ್ತೆ. ಬೇಯುವಾಗ ಅಲ್ಲಿಂದ ನೀರು ನುಗ್ಗಿ ಹೂರಣದ ರುಚಿಯೆಲ್ಲ ಹಂಡೆಗೆ ಹೋಗುತ್ತೆ. ಕಚ್ಚಿದರೆ ರಸ ಇರಲ್ಲ, ಸಪ್ಪೆ ನೀರು ಇರುತ್ತೆ. ಆದರೆ ಫ್ರೀಜರ್ ಅಂದ ಕೂಡಲೇ ಮೂಗು ಮುರಿಯಬೇಡಿ. ಮಧ್ಯಾಹ್ನದ ಬಿಡುವಿನಲ್ಲಿ ತಾವೇ ಮಡಚಿ, ಸಂಜೆಗೆ ಅಂತ ಗಡ್ಡೆ ಕಟ್ಟಿಸಿ ಇಟ್ಟದ್ದು ಎಷ್ಟೋ ಚೆನ್ನಾಗಿರುತ್ತೆ. ನಿಜವಾಗಿ ಕೆಡೋದು ಫ್ರೀಜ್ ಮಾಡದೆ ಹಾಗೇ ಮೂರ್ನಾಲ್ಕು ಗಂಟೆ ತಟ್ಟೆಯಲ್ಲಿ ಇಟ್ಟದ್ದು. ತರಕಾರಿ ನೀರು ಬಿಟ್ಟು ತಳದ ಹಾಳೆ ನೆನೆದು, ಎತ್ತಿದರೆ ತೂತು.

ಗೋಡೆ ಮೇಲೆ "ಶಿಯೆನ್ ಬಾವ್ ಶಿಯೆನ್ ಜೂ" ಅಂತ ಇದ್ದರೆ ಆಗಲೇ ಮಡಚಿ ಆಗಲೇ ಬೇಯಿಸಿದ್ದು ಅಂತ ಅರ್ಥ. ಫಲಕ ನಂಬೋದಕ್ಕಿಂತ ಗಾಜಿನ ಹಿಂದೆ ನೋಡಿ. ಇಬ್ಬರು-ಮೂವರು ಹೆಂಗಸರು ಹಿಟ್ಟು ಚೆಲ್ಲಿದ ಹಲಗೆಯ ಮುಂದೆ ಕೂತಿದ್ದಾರಾ? ಹಾಗಾದರೆ ಹದಿನೈದು-ಇಪ್ಪತ್ತು ನಿಮಿಷ ಕಾಯೋಕೆ ಸಿದ್ಧರಾಗಿ. ಆರ್ಡರ್ ಕೊಟ್ಟ ಐದೇ ನಿಮಿಷಕ್ಕೆ ತಟ್ಟೆ ಬಂತು ಅಂದರೆ ಆಗಲೇ ಮಡಚಿದ್ದಲ್ಲ, ಮೊದಲೇ ಮಡಚಿಯೋ ಬೇಯಿಸಿಯೋ ಇಟ್ಟದ್ದು.

ಹಂಡೆ ಮುಂದೆಯೇ ಇದ್ದರೆ ಒಂದು ನಿಮಿಷ ನಿಂತು ನೋಡಿ. ಕುದಿಯುವ ನೀರಿಗೆ ಜಿಯಾವ್‌ಜ ಬಿಟ್ಟ ಕೂಡಲೇ ಸೌಟಿನ ಬೆನ್ನಿನಿಂದ ಅಂಚಿನುದ್ದಕ್ಕೂ ಒಂದೇ ದಿಕ್ಕಿಗೆ ತಳ್ಳುತ್ತಾರೆ. ಬೆನ್ನೇ ಯಾಕೆ ಅಂದರೆ ಸೌಟಿನ ಬಾಯಿ ಹಾಳೆಯನ್ನು ಹರಿಯುತ್ತೆ. ನೀರು ಉಕ್ಕಿ ಬಂದಾಗ ಅರ್ಧ ಬಟ್ಟಲು ತಣ್ಣೀರು. ಮತ್ತೆ ಉಕ್ಕಿದರೆ ಮತ್ತೆ ತಣ್ಣೀರು. ಮಾಂಸದ್ದಾದರೆ ಮೂರು ಸಲ, ಮೊಟ್ಟೆಯದಾದರೆ ಒಂದೋ ಎರಡೋ. ಹೊರಗೆ ಕುದಿ ತಗ್ಗಿ ಹಾಳೆ ಹರಿಯದೆ ಉಳಿಯುತ್ತೆ, ಅಷ್ಟರಲ್ಲಿ ಬಿಸಿ ಒಳಗಿನ ಮಾಂಸಕ್ಕೆ ಇಳಿಯುತ್ತೆ. ತೇಲಿದರೆ ಬೆಂದಿದೆ ಅನ್ನೋದು ತಪ್ಪು. ಒಳಗಿನ ಗಾಳಿ ಹಿಗ್ಗಿದರೆ ಹಸಿಯದೂ ತೇಲುತ್ತೆ. ಹೊಟ್ಟೆ ಉಬ್ಬಿ, ಬೆರಳಿಂದ ಒತ್ತಿದರೆ ತಗ್ಗು ಬಿದ್ದು ತಕ್ಷಣ ಮೇಲೆದ್ದರೆ ಆಯಿತು.

ಒಳಗಿನ ರಸದ ಗುಟ್ಟು ಕೂಡ ಕೊಬ್ಬಲ್ಲ, ನೀರು. ಕೊಚ್ಚಿದ ಮಾಂಸಕ್ಕೆ ಸಾರನ್ನೋ ಹೂಮೆಣಸು (ಸಿಚುವಾನ್ ಮೆಣಸು) ನೆನೆಸಿದ ನೀರನ್ನೋ ಸ್ವಲ್ಪ ಸ್ವಲ್ಪ ಹಾಕುತ್ತಾ ಒಂದೇ ದಿಕ್ಕಿಗೆ ತಿರುವುತ್ತಾರೆ, ಮಾಂಸ ಅದನ್ನು ಹೀರಿ ಅಂಟಂಟಾಗುತ್ತೆ. ಜಿಯೂತ್ಸಾಯ್ ಹೂರಣದಲ್ಲಿ ತದ್ವಿರುದ್ಧ. ಸೊಪ್ಪಿಗೆ ಮೊದಲು ಎಣ್ಣೆ ಸವರಿ, ಮಡಚುವ ಹೊತ್ತಿಗಷ್ಟೇ ಉಪ್ಪು ಹಾಕಬೇಕು. ಮೊದಲೇ ಉಪ್ಪು ಬಿದ್ದರೆ ಸೊಪ್ಪು ನೀರು ಬಿಟ್ಟು ಬುಟ್ಟಿಯ ತಳದಲ್ಲಿ ಹಸಿರು ಕೊಳ. ರಾತ್ರಿ ಎಂಟರ ಮೇಲೆ ಹೋದರೆ ಸಿಗೋದು ಆ ತಳದ್ದೇ, ಹಾಗಾಗಿ ಸೊಪ್ಪಿನ ಹೂರಣ ಬೇಕಿದ್ದರೆ ಮಧ್ಯಾಹ್ನ ಹೋಗಿ.

ಹೆಸರುವಾಸಿ ಅಂದರೆ ಶೆನ್ಯಾಂಗ್‌ನಲ್ಲಿ ಲಾವ್‌ಬಿಯೆನ್, 1829ರಿಂದ ಇರುವ ಹೆಸರು. ಅವರದ್ದು ಹೂರಣವನ್ನು ಮೊದಲು ಹುರಿದು ಮಾಡುವ ಕ್ರಮ. ಗಲ್ಲಿ ಬೆಲೆಯಲ್ಲ, ಒಂದು ಸಲ ನೋಡಿ ಬರಬಹುದು, ಅಷ್ಟೇ.

ಹಬೆಪಾತ್ರೆ

ಕಣಕ-ಹೂರಣ ಅವರ "ಲಿಯಾಂಗ್‌ಗೆ ಆರು" ಬೀಜಿಂಗ್ ಲೆಕ್ಕ ಅಂತ ಇಟ್ಟುಕೊಳ್ಳಿ. ದಪ್ಪ ಮಾಡುವ ಅಂಗಡಿಯಲ್ಲಿ ಐದು, ನಾಲ್ಕೂ ಉಂಟು. ಊಹೆ ಯಾಕೆ, "ಯೀ ಲಿಯಾಂಗ್ ಜೀ ಗ" ಅಂತ ಕೇಳಿ: ಒಂದು ಲಿಯಾಂಗ್‌ಗೆ ಎಷ್ಟು. ಅವರು ಬೆರಳು ತೋರಿಸುತ್ತಾರೆ. ಇನ್ನೊಂದು, ಕೆಲವು ಅಂಗಡಿ ಒಂದು ಹೂರಣಕ್ಕೆ ಎರಡು ಲಿಯಾಂಗ್‌ಗಿಂತ ಕಮ್ಮಿ ಕೊಡಲ್ಲ, ಹಂಡೆಯಲ್ಲಿ ಬೇರೆ ಬೇರೆ ಹೂರಣ ಕಲೆತರೆ ಹೊರಗಿಂದ ಗುರುತು ಸಿಗಲ್ಲ ಅಂತ.

ಅದ್ದಿಕೊಳ್ಳುವುದರ ಬಗ್ಗೆ ಯಾರೂ ಬರೆದಿಲ್ಲ, ಅರ್ಧ ರುಚಿ ಅಲ್ಲೇ ಇದೆ. ಮೇಜಿನ ಮೇಲೆ ಎರಡು ಕರೀ ದ್ರವದ ಕುಪ್ಪಿ ಇರುತ್ತವೆ. ಒಂದು ವಿನೆಗರ್, ಇನ್ನೊಂದು ಸೋಯಾ. ಮೂಸಿ ನೋಡದೆ ಸುರಿಯಬೇಡಿ. ಜಿಯಾವ್‌ಜ ಮುಳುಗುವಷ್ಟು ಸೋಯಾ ಹಾಕಿಕೊಂಡರೆ ಉಪ್ಪಲ್ಲಿ ಅದ್ದಿ ತಿಂದಂತೆ. ವಿನೆಗರ್ ಎರಡು ಪಾಲು, ಸೋಯಾ ಒಂದು ಪಾಲು ಇಲ್ಲವೇ ಅದಕ್ಕೂ ಕಮ್ಮಿ, ಜಜ್ಜಿದ ಹಸಿ ಬೆಳ್ಳುಳ್ಳಿ ಅರ್ಧ ಚಮಚ, ಮೇಲೆ ಮೆಣಸಿನೆಣ್ಣೆ. ಮೆಣಸಿನೆಣ್ಣೆಯಲ್ಲಿ ಖಾರ ತಳದ ಗಸಿಯಲ್ಲಿರುತ್ತೆ, ಮೇಲಿನ ಎಣ್ಣೆ ಬರೀ ಬಣ್ಣ ಮತ್ತು ಘಮ. ಚಮಚ ತಳಕ್ಕೆ ಹೋಗಲಿ. ಎಷ್ಟು ಹಾಕಿದರೂ ನಮ್ಮ ಬ್ಯಾಡಗಿ-ಗುಂಟೂರು ಬೆರಕೆಯ ಹತ್ತಿರ ಬರಲ್ಲ.

ವಿನೆಗರ್‌ನಲ್ಲೂ ಜಾತಿ ಇದೆ. ಶಾನ್‌ಶಿ ಪ್ರಾಂತದ ಹಳೇ ವಿನೆಗರ್ ಜೋಳ, ಬಾರ್ಲಿ, ಬಟಾಣಿಯಿಂದ ಮಾಡಿದ್ದು, ಗಾಢ, ಒಗರು. ಜನ್‌ಜಿಯಾಂಗ್‌ನದ್ದು ಅಂಟಕ್ಕಿಯದು, ಮೆದು, ಕೊಂಚ ಸಿಹಿ. ಕುರಿಮಾಂಸಕ್ಕೆ ಮೊದಲನೆಯದು, ಮೊಟ್ಟೆಗೆ ಎರಡನೆಯದು ಒಳ್ಳೆಯದು ಅನ್ನೋದು ನನ್ನ ಪಕ್ಷ, ಜಗಳಕ್ಕೆ ಬರುವವರು ಬರಲಿ. ಅಗ್ಗದ ಅಂಗಡಿಯಲ್ಲಿ ಯಾವುದು ಇದೆಯೋ ಅದೇ. ಚಳಿಗಾಲದಲ್ಲಿ ಹೋದರೆ ಪಚ್ಚೆ ಬಣ್ಣದ ಬೆಳ್ಳುಳ್ಳಿ ಎಸಳು ಬಟ್ಟಲಲ್ಲಿ ಬರಬಹುದು. ಕೆಟ್ಟಿದೆ ಅಂತ ಪಕ್ಕಕ್ಕೆ ಸರಿಸಬೇಡಿ, ಅದು ಲಾಬಾ ಬೆಳ್ಳುಳ್ಳಿ. ತಣ್ಣಗೆ ಇಟ್ಟ ಬೆಳ್ಳುಳ್ಳಿಯನ್ನು ವಿನೆಗರ್‌ನಲ್ಲಿ ಹಾಕಿದಾಗ ಒಳಗಿನ ಕಿಣ್ವದ ಕೆಲಸದಿಂದ ಹಾಗೆ ಹಸಿರಾಗುತ್ತೆ. ಹನ್ನೆರಡನೇ ಚಾಂದ್ರ ತಿಂಗಳ ಎಂಟನೇ ದಿನ ಹಾಕಿ, ಚೀನೀ ಹೊಸ ವರ್ಷಕ್ಕೆ ತೆಗೆಯುವ ರೂಢಿ.

ಊಟದ ಕೊನೆಗೆ "ಜಿಯಾವ್‌ಜ ತಾಂಗ್" ಕೇಳಿ. ಬೇಯಿಸಿದ ನೀರೇ ಅದು, ಉಪ್ಪಿಲ್ಲ, ಅನ್ನ ಬಸಿದ ಗಂಜಿ ತಿಳಿಯ ಥರ ಮಂದ, ಬಿಸಿ. ದುಡ್ಡಿಲ್ಲ. ಬೇಯಿಸಿದ ನೀರೇ ತಿಂದದ್ದನ್ನು ಕರಗಿಸುತ್ತೆ ಅಂತ ಅಲ್ಲಿನ ಮಾತು. ಸಸ್ಯಾಹಾರಿಗಳು ಬಿಡಿ, ಗಿರಮಿಟ್ ಹೇಳಿದ ಅದೇ ಹಂಡೆಯ ನೀರು.

ಚಾಪ್‌ಸ್ಟಿಕ್‌ನಿಂದ ಚುಚ್ಚಬೇಡಿ, ರಸ ತಟ್ಟೆಗೆ ಹೋಗುತ್ತೆ. ಕರಿಗಡಬಿನ ಆಕಾರ ಇದೆಯಲ್ಲ, ಅದರ ಸೊಂಟಕ್ಕೆ ಅಡ್ಡಲಾಗಿ ಹಿಡಿದು ಎತ್ತಿ. ಜಾರಿದರೆ "ಶಾವ್‌ಜ" ಅಂತ ಚಮಚ ಕೇಳಿ, ಯಾರೂ ನಗಲ್ಲ. ಮೊದಲ ಕಚ್ಚಿಗೆ ತುದಿಯಲ್ಲಿ ಸಣ್ಣ ತೂತು, ಉಸಿರು ಬಿಡಲಿ, ಆಮೇಲೆ ಉಳಿದದ್ದು. ಟೊಮ್ಯಾಟೊ ಹೂರಣ ಎಲ್ಲಕ್ಕಿಂತ ಹೆಚ್ಚು ಬಾಯಿ ಸುಡುತ್ತೆ. ಗ್ವೋತ್ಯೆಯ ಕೆಂಪು ತಳ ಮೇಲೆ ಮಾಡಿ ತಟ್ಟೆಯಲ್ಲಿ ಕೊಡುವುದು ಅದು ಹಬೆಗೆ ಮೆತ್ತಗಾಗದಿರಲಿ ಅಂತ. ತಿರುಗಿಸಬೇಡಿ, ವಿನೆಗರ್ ಮೇಲಿಂದ ಸುರಿಯಬೇಡಿ, ಹೊಟ್ಟೆಯ ಕಡೆ ಅದ್ದಿ.

ದುಡ್ಡು: ಅಲಿಪೇ ಇಲ್ಲವೇ ವೀಚಾಟ್ ಆ್ಯಪ್ ಇಲ್ಲಿಂದಲೇ ಹಾಕಿಕೊಂಡು, ಪಾಸ್‌ಪೋರ್ಟ್ ದೃಢೀಕರಣ ಮುಗಿಸಿ, ವೀಸಾ ಇಲ್ಲವೇ ಮಾಸ್ಟರ್‌ಕಾರ್ಡ್ ಜೋಡಿಸಿ. ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿದ್ದೀರಾ ನೋಡಿ, ಆಫ್ ಇದ್ದರೆ ಅಲ್ಲಿ ಪಾವತಿ ಬರೀ ಸುತ್ತುತ್ತಾ ಇರುತ್ತೆ. ಅಲಿಪೇಯಲ್ಲಿ 200 ಯುವಾನ್ ಒಳಗಿನ ಪಾವತಿಗೆ ಶುಲ್ಕ ಇಲ್ಲ, ಮೇಲಾದರೆ 3%. ಇಬ್ಬರ ಊಟ 200 ದಾಟಲ್ಲ. ಮೇಜಿನ ಮೇಲಿನ ಕ್ಯೂಆರ್ ಕೋಡ್ ಚೀನೀ ಮೊಬೈಲ್ ನಂಬರ್ ಕೇಳಿ ಕೈಕೊಟ್ಟರೆ ಎದ್ದು ಕೌಂಟರ್‌ಗೆ ಹೋಗಿ ಗೋಡೆಯ ಮೆನು ತೋರಿಸಿ. ನೋಟು ಕೊಡುವುದಾದರೆ 10, 20ರದ್ದು ಇಟ್ಟುಕೊಳ್ಳಿ, ನೂರರದ್ದು ಕೊಟ್ಟರೆ ಚಿಲ್ಲರೆಗೆ ಪಕ್ಕದಂಗಡಿಗೆ ಓಡಬೇಕಾಗುತ್ತೆ. ಪ್ಲಾಸ್ಟಿಕ್ ಸುತ್ತಿದ ಬಟ್ಟಲು-ಲೋಟದ ಸೆಟ್ ಇಟ್ಟಿದ್ದರೆ ಒಡೆಯುವ ಮೊದಲು ಗಮನಿಸಿ, ಕೆಲವು ಕಡೆ ಅದಕ್ಕೆ ಒಂದೆರಡು ಯುವಾನ್ ಬೇರೆ.

ಗಿರಮಿಟ್

ಸಸ್ಯಾಹಾರಿಗೆ ಬರೀ ಜಿಯಾವ್‌ಜ ಮ್ಯಾಲೆ ಹನ್ನೆರಡು ದಿನ ಆಗೂದಿಲ್ಲ, ಪಕ್ಕದ ತಿನಿಸೂ ಹೇಳ್ತೀನಿ. "ಪಾಯ್ ಹ್ವಾಂಗ್‌ಗ್ವಾ" ಅಂದ್ರ ಜಜ್ಜಿದ ಸೌತಿಕಾಯಿ, ಬಳ್ಳೊಳ್ಳಿ, ವಿನೆಗರ್. ನಮ್ಮ ಕೋಸಂಬರಿ ಜಾಗಾ ತುಂಬತೈತಿ. "ಹ್ವಾಷಂಗ್ ಮೀ" ಶೇಂಗಾ, ಕರದಿದ್ದು ಇಲ್ಲಾ ಕುದಿಸಿದ್ದು. ಈಶಾನ್ಯದ "ಗಾನ್ ದೋಫು" ಅಂದ್ರ ಬಟ್ಟಿ ಹಾಳಿಯಂಗ ತೆಳ್ಳಗ ಒತ್ತಿದ ಸೋಯಾ ಪನೀರು, ಎಳಿ ಎಳಿ ಹೆಚ್ಚಿ ಕಲಸಿ ಕೊಡ್ತಾರ. ಕೇಳಿ ತಗೋರಿ, ಅದನ್ನ ಹಂದಿ ಜೋಡಿ ಹುರಿಯೂದೂ ಉಂಟು. ಬಿಸೀದು ಬೇಕಂದ್ರ "ದೀ ಸಾನ್ ಶಿಯೆನ್": ಬಟಾಟಿ, ಬದನಿಕಾಯಿ, ಡೊಣ್ಣ ಮೆಣಸಿನಕಾಯಿ. ಹೆಸರಿನಾಗ ಸಾನ್ ಶಿಯೆನ್ ಐತಿ ಅಂತ ಅಂಜಬ್ಯಾಡ್ರಿ, ಇದು ನೆಲದ ಮೂರು ರುಚಿ, ಮಾಂಸ ಇರೂದಿಲ್ಲ. ಆದ್ರ ಆಯ್ಸ್ಟರ್ ಸಾಸ್ ಬೀಳಬಹುದು, "ಬು ಯಾವ್ ಹಾವ್ ಯೋ" ಅಂದುಬಿಡ್ರಿ. ಇದನ್ನ ಆಗಿಂದಾಗ ಹುರೀತಾರ, ಹಿಂಗಾಗಿ ಹೇಳಿದ್ರ ಕೇಳ್ತಾರ.

ಬೀಜಿಂಗ್ ಕಡೆ ಹೋದ್ರ "ಹ್ವೇಶಿಯಾಂಗ್" ಹೂರಣ ಹುಡಕ್ರಿ, ಬಡೇಸೋಪಿನ ತಪ್ಪಲಾ. ನೋಡಾಕ ಥೇಟ್ ಸಬ್ಬಸಗಿ, ವಾಸನಿ ಸ್ವಲ್ಪ ಸಿಹಿ. ಮೊಟ್ಟಿ ಜೋಡಿ ಮಾಡಿದ್ದು ಸಿಕ್ರ ಬಿಡಬ್ಯಾಡ್ರಿ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಹೀಗೆ ಅಂದುಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿ. ಚಿಂಗ್‌ಜನ್ ಅಂಗಡಿ, ಮಧ್ಯಾಹ್ನ ಹನ್ನೊಂದೂವರೆಗೆ. ಟೊಮ್ಯಾಟೊ ಮೊಟ್ಟೆ ಮೂರು ಲಿಯಾಂಗ್, ಕುರಿ-ಗಜ್ಜರಿ ಮೂರು ಲಿಯಾಂಗ್, ಗ್ವೋತ್ಯೆ ಒಂದು ತಟ್ಟೆ, ಸೌತೆಕಾಯಿ ಒಂದು. ಉಳಿದರೆ ರಾತ್ರಿಗೆ ಕಟ್ಟಿಸಿಕೊಳ್ಳೋದು.

ಕಣಕ-ಹೂರಣ

ಸೂ ಸಾನ್ ಶಿಯೆನ್ ವಿಷಯದಲ್ಲಿ ಗಿರಮಿಟ್ ಹೇಳಿದ್ದೇ ಸರಿ, ನನ್ನ ಸಾಲು ತಪ್ಪು.

ನಿಮ್ಮ ಆರ್ಡರ್ ಇಬ್ಬರಿಗೆ ಜಾಸ್ತಿ ಆಯಿತು. ಎರಡೆರಡು ಲಿಯಾಂಗ್ ಹೇಳಿ, ಗ್ವೋತ್ಯೆ ಮೊದಲ ದಿನ ಬಿಡಿ. ನೀರಲ್ಲಿ ಬೇಯಿಸಿದ್ದು ತಟ್ಟೆಗೆ ಬಂದ ಹತ್ತು ನಿಮಿಷದಲ್ಲಿ ಒಂದಕ್ಕೊಂದು ಅಂಟುತ್ತೆ, ಎಳೆದರೆ ಹಾಳೆ ಹರಿಯುತ್ತೆ. ಬಂದ ಕೂಡಲೇ ತಟ್ಟೆಯನ್ನು ಒಮ್ಮೆ ಮೆಲ್ಲಗೆ ಕುಲುಕಿ. ಅಂಟಿಯೇ ಹೋದರೆ ಎಳೆಯಬೇಡಿ, ಬಿಸಿ ಜಿಯಾವ್‌ಜ ತಾಂಗ್ ಎರಡು ಚಮಚ ಮೇಲೆ ಹಾಕಿ ಬಿಡಿಸಿ. ಸಸ್ಯಾಹಾರಿ ತಟ್ಟೆಗೆ ಬರೀ ಬಿಸಿನೀರು, ಮೇಜಿಗೇ ಕೊಡುತ್ತಾರೆ.

ಕಟ್ಟಿಸಿಕೊಳ್ಳೋಕೆ "ದಾಬಾವ್" ಅನ್ನಿ. ಡಬ್ಬಿ ಮುಚ್ಚಳ ಆರುವ ತನಕ ಓರೆ ಮಾಡಿಡಿ, ಇಲ್ಲದಿದ್ದರೆ ಹಬೆ ನೀರಾಗಿ ಹಾಳೆ ಕರಗುತ್ತೆ. ಎರಡೂ ಹೂರಣ ಒಂದೇ ಡಬ್ಬಿಗೆ ಹಾಕಿಸಬೇಡಿ, ರಾತ್ರಿ ಯಾವುದು ಯಾರದ್ದು ಗೊತ್ತಾಗಲ್ಲ. ರೂಮಿನಲ್ಲಿ ಒಲೆ ಇದ್ದರೆ ಮತ್ತೆ ನೀರಿಗೆ ಹಾಕದೆ ಎಣ್ಣೆ ಸವರಿದ ಬಾಣಲೆಯಲ್ಲಿ ತಳ ಕೆಂಪಾಗಿಸಿ. ಬರೀ ಕೆಟಲ್ ಇದ್ದರೆ ಕಟ್ಟಿಸಲೇಬೇಡಿ.

ಹಬೆಪಾತ್ರೆ

ಎರಡು ತಟ್ಟೆಯನ್ನೂ ಒಟ್ಟಿಗೆ ಹೇಳಬೇಡಿ. ಹಂಡೆ ಒಂದೇ, ಸಸ್ಯಾಹಾರಿಯದನ್ನು ಮೊದಲು ಬೇಯಿಸೋಕೆ ಹೇಳಿ, ಕುರಿಯದು ಅದರ ಹಿಂದೆ. ಮತ್ತೆ ತಟ್ಟೆ ಬಂದಾಗ ಒಂದನ್ನು ಮುರಿದು ಒಳಗೆ ನೋಡಿ, ಆಮೇಲೆ ತಿನ್ನಿ. ಟೊಮ್ಯಾಟೊದ್ದು ಹೊರಗಿಂದಲೇ ಹಾಳೆಯಲ್ಲಿ ಗುಲಾಬಿ ಛಾಯೆ ಕಾಣುತ್ತೆ, ಕುರಿಯದು ಬೂದು.